ಪಿಸಿಬಿಗೆ ಉಚಿತ ತಂತ್ರಾಂಶ: ಕೀಕ್ಯಾಡ್‌ನಿಂದಲೇ ಶುರು ಮಾಡಿ

ಇವತ್ತು ಬಿಡಿಸಿದ ಪಿಸಿಬಿಯನ್ನು (ಬಿಡಿಭಾಗಗಳನ್ನು ಬೆಸೆಯುವ, ತಾಮ್ರದ ಗೆರೆಗಳಿರುವ ಬೋರ್ಡನ್ನು) ಹತ್ತು ವರ್ಷ ಬಿಟ್ಟು ತೆರೆದು ತಿದ್ದಲು ಆಗಬೇಕು. ಪಿಸಿಬಿ ತಂತ್ರಾಂಶವನ್ನು ಮೊದಲು ಈ ಒರೆಗೆ ಹಚ್ಚಿ. ಹಳೆಯ ಪಿಸಿಬಿ ತಂತ್ರಾಂಶ ಈಗಲ್‌ನ ಉಚಿತ ಆವೃತ್ತಿಗೆ ಎರಡು ಪದರ, 80 ಚದರ ಸೆಂ.ಮೀ. ಮಿತಿ ಇದ್ದರೂ ಹವ್ಯಾಸಿಗಳಿಗೆ ಅದು ಸಾಕಾಗಿತ್ತು. 2016ರಲ್ಲಿ ಆಟೊಡೆಸ್ಕ್ ಕಂಪನಿ ಅದನ್ನು ಕೊಂಡಿತು. 2026ರ ಜೂನ್ 7ಕ್ಕೆ ನಿಲ್ಲಿಸುವುದಾಗಿ 2023ರಲ್ಲಿ ಘೋಷಿಸಿತು. ಈಸಿಇಡಿಎ ಬ್ರೌಸರಿನಲ್ಲೇ ನಡೆಯುತ್ತದೆ, ಕಲಿಯಲು ಸಲೀಸು. ಆದರೆ ಅದೂ ಒಂದು ಕಂಪನಿಯ ಕೈಯಲ್ಲಿದೆ.

ಹಾಗಾಗಿ ನನ್ನ ಆಯ್ಕೆ ಕೀಕ್ಯಾಡ್. 1992ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ್ದು, ಮುಂದೆ ಯುರೋಪಿನ ಕಣಭೌತ ಸಂಶೋಧನಾ ಸಂಸ್ಥೆ ಸರ್ನ್‌ನ ಬೆಂಬಲವೂ ಸಿಕ್ಕಿತು. ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಜಿಪಿಎಲ್ ಪರವಾನಗಿ, ಕಡತಗಳು ಸಾದಾ ಪಠ್ಯ. ಈಗಲ್ 6 ಮತ್ತು ಆಮೇಲಿನ ಕಡತಗಳನ್ನೂ ಒಳಗೆ ತೆಗೆದುಕೊಳ್ಳುತ್ತದೆ. ಐಐಟಿ ಬಾಂಬೆಯ ಸರ್ಕ್ಯೂಟ್ ತಂತ್ರಾಂಶ ಇ-ಸಿಮ್ ಕೂಡ ಇದರ ಮೇಲೇ ನಿಂತಿದೆ.

ಮೊದಲ ಸಲ ಇಆರ್‌ಸಿ (ಸರ್ಕ್ಯೂಟ್ ನಕ್ಷೆಯ ಜೋಡಣೆ ತಪ್ಪು ಹುಡುಕುವ ತಪಾಸಣೆ) ಓಡಿಸಿದಾಗ, ಪವರ್ ಪಿನ್ನಿಗೆ ಪೂರೈಕೆ ಇಲ್ಲ ಎಂಬ ದೋಷ ಬರುವುದು ಸಾಮಾನ್ಯ. ಕನೆಕ್ಟರಿನಿಂದ ವಿದ್ಯುತ್ ಬರುತ್ತದೆಂದು ತಂತ್ರಾಂಶಕ್ಕೆ ಗೊತ್ತಿರುವುದಿಲ್ಲ. ಪ್ಲಸ್ ಮತ್ತು ಗ್ರೌಂಡ್ ಎರಡಕ್ಕೂ ಒಂದೊಂದು ಪವರ್ ಫ್ಲ್ಯಾಗ್ (ಇಲ್ಲಿ ವಿದ್ಯುತ್ ಬರುತ್ತದೆ ಎಂಬ ಗುರುತು) ಹಾಕಿದರೆ ಸರಿಹೋಗುತ್ತದೆ.

ಹೆಚ್ಚು ಬೋರ್ಡು ಹಾಳಾಗುವುದು ಫುಟ್‌ಪ್ರಿಂಟಿನಲ್ಲಿ, ಎಂದರೆ ಬಿಡಿಭಾಗದ ಕಾಲುಗಳಿಗೆ ಬೋರ್ಡಿನಲ್ಲಿ ಬಿಡುವ ತೂತು ಮತ್ತು ತಾಮ್ರದ ಪ್ಯಾಡುಗಳ ಅಚ್ಚಿನಲ್ಲಿ. ಎನ್‌ಪಿಎನ್ ಮಾದರಿಯ ಟ್ರಾನ್ಸಿಸ್ಟರ್ ಬಿಸಿ547ರ ಚಪ್ಪಟೆ ಮುಖ ನಮ್ಮ ಕಡೆಗಿದ್ದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904ರಲ್ಲಿ ಇದು ತಿರುಗುಮುರುಗು. ಆದ್ದರಿಂದ ಬರೀ ಎನ್‌ಪಿಎನ್ ಚಿಹ್ನೆ ಬೇಡ, ಆಯಾ ನಂಬರಿನದೇ ಆರಿಸಿ. ಮನೆಯಲ್ಲೇ ಫೆರಿಕ್ ಕ್ಲೋರೈಡಿನಲ್ಲಿ ಎಚ್ ಮಾಡುವುದಾದರೆ (ಬೇಡದ ತಾಮ್ರ ಕರಗಿಸುವುದಾದರೆ) ಇಂಥ ಟ್ರಾನ್ಸಿಸ್ಟರುಗಳ ಟಿಒ-92 ಕವಚದ ಫುಟ್‌ಪ್ರಿಂಟಿನಲ್ಲಿ ‘ವೈಡ್’ ಬಳಸಿ: ಕಾಲುಗಳ ಅಂತರ 1.27 ಮಿ.ಮೀ. ಬದಲು 2.54 ಆಗುತ್ತದೆ. ಐಸಿಗೆ ‘ಲಾಂಗ್‌ಪ್ಯಾಡ್ಸ್’ (ಉದ್ದನೆಯ ಪ್ಯಾಡು) ಇರುವುದು ಒಳ್ಳೆಯದು. ಕೈ ಡ್ರಿಲ್ ಸ್ವಲ್ಪ ಸರಿದರೂ ಬೆಸುಗೆಗೆ ತಾಮ್ರ ಉಳಿದಿರುತ್ತದೆ.

ಟ್ರ್ಯಾಕ್ (ತಾಮ್ರದ ಗೆರೆ) ಎಳೆಯುವ ಮೊದಲೇ, ಅದರ ಅಳತೆಗಳನ್ನು ಗೊತ್ತು ಮಾಡುವ ನೆಟ್ ಕ್ಲಾಸಿನಲ್ಲಿ ಅಗಲ 0.5, ಅಂತರ 0.4 ಮಿ.ಮೀ. ಎಂದು ಕೊಡಿ. ಸಾಮಾನ್ಯ ಐಸಿ ಪ್ಯಾಡ್ 1.6 ಮಿ.ಮೀ.; ಎರಡು ಕಾಲುಗಳ ನಡುವೆ ಉಳಿಯುವುದು 0.94 ಮಾತ್ರ. ಅಲ್ಲಿ 0.5ರ ಟ್ರ್ಯಾಕ್ ತೂರಿಸಿದರೆ ಟೋನರ್ (ಲೇಸರ್ ಪ್ರಿಂಟರಿನ ಪುಡಿ ಮಸಿ) ಹರಡಿ ಶಾರ್ಟ್ ಆಗುತ್ತದೆ. ಜಂಪರ್ ತಂತಿಯೇ ವಾಸಿ.

ಕಾಗದದ ಮುದ್ರಣವನ್ನು ಇಸ್ತ್ರಿ ಮಾಡಿ ತಾಮ್ರಕ್ಕೆ ಅಂಟಿಸುವ ಟೋನರ್ ವಿಧಾನದಲ್ಲಿ ಕೆಳಪದರವನ್ನು ಕನ್ನಡಿ ಮಾಡದೆ ಇದ್ದಂತೆಯೇ ಮುದ್ರಿಸಬೇಕು, ಮೇಲ್ಪದರವನ್ನು ಮಾತ್ರ ಕನ್ನಡಿ ಮಾಡಬೇಕು. ಅಳತೆ 1:1 ಇರಲಿ. ಪುಟಕ್ಕೆ ಹೊಂದಿಸುವ ಪ್ರಿಂಟರ್ ಆಯ್ಕೆಯನ್ನು ತೆಗೆದುಬಿಡಿ. 40 ಕಾಲಿನ ಐಸಿಯಲ್ಲಿ ಒಂದನೇ ಕಾಲಿನಿಂದ ಇಪ್ಪತ್ತನೆಯದಕ್ಕೆ 48.26 ಮಿ.ಮೀ. ದೂರ. ಶೇಕಡ 1ರಷ್ಟು ಕುಗ್ಗಿದರೂ ಕೊನೆಯ ಕಾಲು ಅರ್ಧ ಮಿಲಿಮೀಟರ್ ತಪ್ಪುತ್ತದೆ. ಇಸ್ತ್ರಿಪೆಟ್ಟಿಗೆ ಬಿಸಿ ಮಾಡುವ ಮುಂಚೆ ಆ ಐಸಿಯನ್ನೇ ಕಾಗದದ ಮೇಲಿಟ್ಟು ನೋಡಿ.