ಲಿಚೆಸ್ ಯಾಕೆ ಫ್ರೀ, ಫ್ರೀಯಾಗೇ ಉಳಿಯುತ್ತಾ?

ಆನ್‌ಲೈನ್ ಚೆಸ್ ಆಡೋರಿಗೆಲ್ಲ ಇದು ಗೊತ್ತಿರೋ ವಿಷ್ಯಾನೇ. ಒಂದು ಗೇಮ್ ಸೋತಿರ್ತೀರಿ, ಎಲ್ಲಿ ಎಡವಟ್ಟಾಯ್ತು ಅಂತ ನೋಡೋಣ ಅಂದ್ರೆ ಸೈಟು "ಇವತ್ತಿನ ಫ್ರೀ ಅನಾಲಿಸಿಸ್ ಮುಗೀತು, ಮೆಂಬರ್‌ಶಿಪ್ ತಗೊಳ್ಳಿ" ಅನ್ನುತ್ತೆ. ಸರಿ ಅಂತ ಪಝಲ್ ಕಡೆ ಹೋದ್ರೆ ಅಲ್ಲೂ ದಿನಕ್ಕಿಷ್ಟೇ ಅಂತ ಲೆಕ್ಕ. ಅವರ ವ್ಯಾಪಾರ ಅವರದ್ದು, ಬೇಡ ಅನ್ನೋಕೆ ನಾನ್ಯಾರು. ಆದ್ರೆ ನಂಗೆ ತಮಾಷೆ ಅನ್ಸೋದೇನಂದ್ರೆ, ಆ ಅನಾಲಿಸಿಸ್ ಮಾಡೋ ಎಂಜಿನ್ ಬಹಳಷ್ಟು ಕಡೆ ಸ್ಟಾಕ್‌ಫಿಶ್ ಆಗಿರುತ್ತೆ, ಅದು ಯಾರು ಬೇಕಾದ್ರೂ ಪುಕ್ಸಟ್ಟೆ ಇಳಿಸ್ಕೋಬಹುದಾದ ಓಪನ್ ಸೋರ್ಸ್ ಸಾಫ್ಟ್‌ವೇರು, ಸಾಲದ್ದಕ್ಕೆ ಎಷ್ಟೋ ಸಲ ಅದು ಓಡ್ತಿರೋದೂ ನಮ್ಮದೇ ಬ್ರೌಸರ್ ಒಳಗೆ, ನಮ್ಮದೇ ಫೋನಿನ ಬ್ಯಾಟರಿ ತಿಂದ್ಕೊಂಡು.

ಅದಕ್ಕೇ ನಾನು ಯಾರಾದ್ರೂ ಹೊಸದಾಗಿ ಚೆಸ್ ಶುರು ಮಾಡ್ತೀನಿ ಅಂದ್ರೆ ಕಣ್ಮುಚ್ಕೊಂಡು ಲಿಚೆಸ್ ಅನ್ನೋ ಸೈಟಿಗೆ ಹೋಗಿ ಅಂತೀನಿ. ಅಕೌಂಟ್ ಇಲ್ದೆನೂ ಆಡ್ಬೋದು, ಒಂದು ಲಿಂಕ್ ಮಾಡಿ ಫ್ರೆಂಡಿಗೆ ಕಳಿಸಿದ್ರೆ ಆಯ್ತು, ಬೋರ್ಡ್ ರೆಡಿ. ಜಾಹೀರಾತು ಇಲ್ಲ. ಪ್ರೀಮಿಯಂ ಅನ್ನೋ ಇನ್ನೊಂದು ಮಹಡಿನೇ ಇಲ್ಲ. ದುಡ್ಡು ಕೊಟ್ಟೋರಿಗೆ ಏನ್ ಸಿಗುತ್ತಪ್ಪಾ ಅಂದ್ರೆ ಹೆಸರಿನ ಪಕ್ಕ ಒಂದು ಪುಟ್ಟ ರೆಕ್ಕೆ ಗುರುತು, ಅಷ್ಟೇ. ಅನಾಲಿಸಿಸ್, ಪಝಲ್ಲು, ಓಪನಿಂಗ್ ಎಕ್ಸ್‌ಪ್ಲೋರರ್, ಸ್ಟಡಿ, ಟೂರ್ನಮೆಂಟು ಎಲ್ಲಾ ಎಲ್ಲರಿಗೂ ಒಂದೇ. ಗ್ರ್ಯಾಂಡ್‌ಮಾಸ್ಟರ್‌ಗೂ ಅದೇ, ಕುದುರೆ ಹೇಗೆ ನಡೆಯುತ್ತೆ ಅಂತ ನಿನ್ನೆ ಕಲಿತೋರಿಗೂ ಅದೇ.

2010ರಲ್ಲಿ ತಿಬೋ ದ್ಯುಪ್ಲೆಸಿ ಅನ್ನೋ ಫ್ರೆಂಚ್ ಪ್ರೋಗ್ರಾಮರ್ ಇದನ್ನ ಶುರು ಮಾಡಿದ್ದು. ಮೊದಲು ಪಿಎಚ್‌ಪಿಯಲ್ಲಿ ಬರೆದಿದ್ದು, ಆಮೇಲೆ ಸ್ಕಾಲಾ ಭಾಷೆಯಲ್ಲಿ ಹೊಸದಾಗಿ ಬರೆದ್ರು. ಈಗ ಅದು ಫ್ರಾನ್ಸಿನಲ್ಲಿ ರಿಜಿಸ್ಟರ್ ಆಗಿರೋ ಒಂದು ಲಾಭರಹಿತ ಸಂಸ್ಥೆ, ಶೇರ್‌ಹೋಲ್ಡರ್‌ಗಳು ಅಂತ ಯಾರೂ ಇಲ್ಲ, ನಡೆಯೋದು ದಾನದ ದುಡ್ಡಲ್ಲಿ. ಸರ್ವರ್‌ಗೆ ಎಷ್ಟು, ಸಂಬಳಕ್ಕೆ ಎಷ್ಟು ಅಂತ ಖರ್ಚಿನ ಪಟ್ಟಿನೂ ಸೈಟಲ್ಲೇ ಹಾಕಿದಾರೆ, ಯಾರು ಬೇಕಾದ್ರೂ ತೆಗೆದು ನೋಡ್ಬೋದು.

ಇವತ್ತು ಫ್ರೀ ಇದೆ ಸರಿ, ನಾಳೆ ಯಾರೋ ದೊಡ್ಡ ಕಂಪನಿಯವರು ಬಂದು ಕೊಂಡ್ಕೊಂಡು ಗೇಟು ಹಾಕಿದ್ರೆ? ಈ ಪ್ರಶ್ನೆ ಕೇಳೋರು ಹುಚ್ಚರಲ್ಲ, ಯಾಕಂದ್ರೆ ಚೆಸ್‌ನಲ್ಲಿ ಇದು ಒಂದ್ಸಲ ನಡೆದೇ ಹೋಗಿದೆ. ವೆಬ್ ಇನ್ನೂ ಕಣ್ಣು ಬಿಡ್ತಿದ್ದ ಕಾಲ, 1992ರಲ್ಲಿ ಇಂಟರ್ನೆಟ್ ಚೆಸ್ ಸರ್ವರ್ ಅಂತ ಒಂದು ಶುರುವಾಯ್ತು, ಐಸಿಎಸ್ ಅಂತಿದ್ರು. ಟೆಲ್ನೆಟ್‌ನಲ್ಲಿ ಲಾಗಿನ್ ಆಗಿ ನಡೆಗಳನ್ನ ಟೈಪ್ ಮಾಡಿ ಆಡೋದು, ಬೋರ್ಡು ಅಂದ್ರೆ ಅಕ್ಷರಗಳಲ್ಲಿ ಮೂಡೋ ಒಂದು ಚಿತ್ರ. ಉತ್ಸಾಹಿಗಳೇ ಸೇರಿ ಕಟ್ಟಿದ್ದು, ಆಡೋರು ಬಗ್ ಹೇಳೋರು ಎಲ್ಲಾ ವಾಲಂಟಿಯರ್‌ಗಳೇ. 1995ರಲ್ಲಿ ಅದು ಇಂಟರ್ನೆಟ್ ಚೆಸ್ ಕ್ಲಬ್ ಅನ್ನೋ ಹೆಸರಲ್ಲಿ ವ್ಯಾಪಾರಿ ಸಂಸ್ಥೆ ಆಗಿ ಮೆಂಬರ್‌ಶಿಪ್‌ಗೆ ದುಡ್ಡು ಕೇಳೋಕೆ ಶುರು ಮಾಡ್ತು. ಜನಕ್ಕೆ ಸಿಟ್ಟು ಬಂತು, ನಾವೂ ಸೇರಿ ಬೆಳೆಸಿದ್ದನ್ನ ನಮಗೇ ಮಾರ್ತೀರಾ ಅಂತ. ಅದೇ ವರ್ಷ ಒಂದಷ್ಟು ಜನ ಹೊರಗೆ ಬಂದು ಫಿಕ್ಸ್, ಅಂದ್ರೆ ಫ್ರೀ ಇಂಟರ್ನೆಟ್ ಚೆಸ್ ಸರ್ವರ್, ಶುರು ಮಾಡಿದ್ರು. ವರ್ಷಗಟ್ಟಲೆ ಸಾವಿರಾರು ಜನ ಅಲ್ಲಿ ಪುಕ್ಸಟ್ಟೆ ಆಡಿದಾರೆ.

ಲಿಚೆಸ್‌ನಲ್ಲಿ ಇದೇ ಕಥೆ ರಿಪೀಟ್ ಮಾಡೋದು ಕಷ್ಟ, ಯಾಕಂದ್ರೆ ಅದರ ಕೋಡ್ ಎಜಿಪಿಎಲ್ ಅನ್ನೋ ಓಪನ್ ಸೋರ್ಸ್ ಲೈಸೆನ್ಸ್‌ನಲ್ಲಿದೆ. ಲೈಸೆನ್ಸ್ ಅಂದ ತಕ್ಷಣ ನಿದ್ದೆ ಬರುತ್ತೆ ಗೊತ್ತು, ಆದ್ರೂ ಸ್ವಲ್ಪ ತಡ್ಕೊಳಿ. ಮಾಮೂಲಿ ಜಿಪಿಎಲ್‌ನಲ್ಲಿ ನೀವು ಸಾಫ್ಟ್‌ವೇರನ್ನ ಬೇರೆಯವರಿಗೆ ಹಂಚಿದ್ರೆ ಮಾತ್ರ ಸೋರ್ಸ್, ಅಂದ್ರೆ ಅದರ ಮೂಲ ಕೋಡ್, ಕೊಡ್ಬೇಕು. ಸರ್ವರ್‌ನಲ್ಲಿ ಇಟ್ಕೊಂಡು ವೆಬ್‌ಸೈಟ್ ಥರ ಓಡಿಸಿದ್ರೆ ಯಾರಿಗೂ ಹಂಚಿದ ಹಾಗಾಗಲ್ಲ, ಹಂಗಾಗಿ ಒಳಗೆ ಏನ್ ಬದಲಾಯಿಸಿದ್ರೂ ಮುಚ್ಚಿಟ್ಕೋಬಹುದು. ಎಜಿಪಿಎಲ್ ಆ ಕಿಂಡಿನೇ ಮುಚ್ಚುತ್ತೆ, ಬದಲಾಯಿಸಿದ ಕೋಡನ್ನ ನೆಟ್‌ವರ್ಕ್ ಮೇಲೆ ಓಡಿಸಿದ್ರೂ ಬಳಸೋರಿಗೆ ಆ ಸೋರ್ಸ್ ಸಿಗೋ ಹಾಗೆ ಇಡ್ಬೇಕು. ಅಂದ್ರೆ ನಾಳೆ ಲಿಚೆಸ್ ನಡೆಸೋರಿಗೇ ತಲೆ ಕೆಟ್ಟು ಬಾಗಿಲು ಹಾಕಿದ್ರೂ, ಅಲ್ಲಿವರೆಗಿನ ಕೋಡ್ ಎತ್ಕೊಂಡು ಬೇರೆಯವರು ಇನ್ನೊಂದು ಸೈಟ್ ಶುರು ಮಾಡ್ಬೋದು.

ಇದೇನು ಬರೀ ಥಿಯರಿ ಅಲ್ಲ, ಮಾಡಿದಾರೆ ಕೂಡ. ಜಪಾನಿನ ಚೆಸ್ ಆದ ಶೋಗಿಗೆ ಲಿಶೋಗಿ, ಡ್ರಾಫ್ಟ್ಸ್ ಆಟಕ್ಕೆ ಲಿಡ್ರಾಫ್ಟ್ಸ್, ಎರಡೂ ಲಿಚೆಸ್ ಕೋಡ್‌ನಿಂದಲೇ ಹುಟ್ಟಿದ ಸೈಟುಗಳು, ತೆರೆದು ನೋಡಿದ್ರೆ ಮುಖ ಲಕ್ಷಣದಲ್ಲೇ ಗೊತ್ತಾಗುತ್ತೆ. ಪೈಚೆಸ್ ಅಂತ ಇನ್ನೊಂದಿದೆ, ಅದು ಲಿಚೆಸ್ ಕೋಡ್ ಎತ್ಕೊಂಡು ಮಾಡಿದ್ದಲ್ಲ, ಪೈಥಾನ್‌ನಲ್ಲಿ ಬೇರೆಯಾಗೇ ಬರೆದಿದ್ದು, ಫೇರಿ ಸ್ಟಾಕ್‌ಫಿಶ್ ಅನ್ನೋ ಎಂಜಿನ್ ಮೇಲೆ ಓಡುತ್ತೆ. ಥಾಯ್ಲೆಂಡಿನ ಮಕ್ರುಕ್, ಬರ್ಮಾದ ಸಿಟ್ಟುಯಿನ್, ಚೀನಾದ ಶಿಯಾಂಗ್‌ಚಿ ಹಿಂಗೆ ಚತುರಂಗದ ಅಣ್ಣತಮ್ಮಂದಿರೆಲ್ಲ ಅಲ್ಲಿ ಸಿಗ್ತಾರೆ. ಮಾಮೂಲಿ ಚೆಸ್ ಬೇಜಾರಾದಾಗ ಒಳ್ಳೆ ಜಾಗ, ಎದುರಾಳಿ ಸಿಗೋಕೆ ಮಾತ್ರ ಸ್ವಲ್ಪ ಕಾಯ್ಬೇಕು.

ನಂಗೆ ತುಂಬಾ ಇಷ್ಟ ಆಗಿದ್ದು ಫಿಶ್‌ನೆಟ್. ಗೇಮ್ ಮುಗಿದ್ಮೇಲೆ "ಕಂಪ್ಯೂಟರ್ ಅನಾಲಿಸಿಸ್" ಒತ್ತಿದ್ರೆ ಕೆಲವೇ ಕ್ಷಣದಲ್ಲಿ ಗ್ರಾಫು, ಬ್ಲಂಡರ್ (ದೊಡ್ಡ ಎಡವಟ್ಟು) ಲೆಕ್ಕ ಎಲ್ಲಾ ಬಂದ್ಬಿಡುತ್ತಲ್ಲ, ಆ ಕೆಲಸದ ದೊಡ್ಡ ಭಾಗ ನಡೆಯೋದು ಪ್ರಪಂಚದ ಯಾವ್ಯಾವ್ದೋ ಮೂಲೆಯಲ್ಲಿರೋ ವಾಲಂಟಿಯರ್‌ಗಳ ಕಂಪ್ಯೂಟರ್‌ನಲ್ಲಿ. ಅವರು ಫಿಶ್‌ನೆಟ್ ಅನ್ನೋ ಸಣ್ಣ ಪ್ರೋಗ್ರಾಮ್ ಹಾಕ್ಕೊಂಡಿರ್ತಾರೆ, ಅದು ಲಿಚೆಸ್‌ನಿಂದ ಗೇಮ್ ಇಸ್ಕೊಂಡು ಸ್ಟಾಕ್‌ಫಿಶ್ ಓಡಿಸಿ ಉತ್ತರ ವಾಪಸ್ ಕಳಿಸುತ್ತೆ. ಯಾರೋ ಗುರುತಿಲ್ಲದೋರ ಕರೆಂಟಲ್ಲಿ ನಾನು ರಾಣಿ ಕಳ್ಕೊಂಡ ಸುದ್ದಿ ನಂಗೆ ತಲುಪುತ್ತೆ ನೋಡಿ! ಸ್ಟಾಕ್‌ಫಿಶ್ ಬೆಳೆದಿರೋದೂ ಹಿಂಗೇನೇ, ಕೋಡಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದ್ರೂ ಫಿಶ್‌ಟೆಸ್ಟ್ ಅನ್ನೋ ವ್ಯವಸ್ಥೆಯಲ್ಲಿ ವಾಲಂಟಿಯರ್‌ಗಳ ಮಶೀನ್ ಮೇಲೆ ಸಾವಿರಾರು ಗೇಮ್ ಆಡ್ಸಿ, ನಿಜವಾಗ್ಲೂ ಬಲ ಹೆಚ್ಚಿದ್ರೆ, ಇಲ್ಲಾ ಕಮ್ಮಿಯಂತೂ ಆಗದಿದ್ರೆ ಮಾತ್ರ ಒಳಗೆ ಸೇರಿಸ್ಕೋತಾರೆ.

ಎಂಡ್‌ಗೇಮ್ ಹುಚ್ಚಿರೋರಿಗೆ ಇನ್ನೊಂದು. ಬೋರ್ಡ್ ಮೇಲೆ ರಾಜರನ್ನೂ ಸೇರಿಸಿ ಏಳು ಅಥವಾ ಅದಕ್ಕಿಂತ ಕಮ್ಮಿ ಕಾಯಿ ಉಳಿದಿದ್ರೆ ಲಿಚೆಸ್‌ನಲ್ಲಿ ಟೇಬಲ್‌ಬೇಸ್, ಅಂದ್ರೆ ಮೊದಲೇ ಲೆಕ್ಕ ಹಾಕಿಟ್ಟ ಉತ್ತರಗಳ ಪಟ್ಟಿ, ನೋಡ್ಬೋದು. ಅಲ್ಲಿ ಎಂಜಿನ್ನಿನ ಅಂದಾಜು ಇಲ್ಲ, ಗೆಲುವು ಡ್ರಾ ಸೋಲು ಪಕ್ಕಾ ಉತ್ತರ. ಆ ಏಳು ಕಾಯಿಯ ಪಟ್ಟಿಯ ಸಿಝಿಜಿ ಅನ್ನೋ ಫೈಲುಗಳು ಒಟ್ಟು ಸುಮಾರು 17 ಟೆರಾಬೈಟ್, ಮನೆಲಿಟ್ಕೊಳೋ ಮಾತೇ ಅಲ್ಲ.

ಕೊರಗುಗಳೂ ಇವೆ, ಇಲ್ಲ ಅಂದ್ರೆ ಭಜನೆ ಮಾಡ್ದಂಗಾಗುತ್ತೆ. ಒಂದು, ರೇಟಿಂಗ್. ಲಿಚೆಸ್ ಗ್ಲಿಕೊ-2 ಅನ್ನೋ ರೇಟಿಂಗ್ ಲೆಕ್ಕ ಬಳಸುತ್ತೆ, ಎಲ್ಲರೂ 1500ರಿಂದ ಶುರು, ಹಂಗಾಗಿ ಅಲ್ಲಿನ ಅಂಕಿ ಬೇರೆ ಕಡೆಗಿಂತ ಸಾಮಾನ್ಯವಾಗಿ ಜಾಸ್ತಿನೇ ಕಾಣುತ್ತೆ, ಅದನ್ನ ವಿಶ್ವ ಚೆಸ್ ಸಂಸ್ಥೆ ಫಿಡೆ ಕೊಡೋ ರೇಟಿಂಗ್ ಅಂದ್ಕೊಂಡು ಎದೆ ಉಬ್ಬಿಸ್ಕೊಂಡು ಟೂರ್ನಮೆಂಟ್‌ಗೆ ಹೋದ್ರೆ ಮೊದಲ ರೌಂಡಲ್ಲೇ ಗಾಳಿ ಹೋಗುತ್ತೆ. ಹೆಸರಿನ ಮುಂದೆ ರೇಟಿಂಗ್ ಜೊತೆ ಪ್ರಶ್ನಾರ್ಥಕ ಚಿಹ್ನೆ ಇದ್ರೆ ಸಿಸ್ಟಮ್ಮಿಗೆ ಆ ಅಂಕಿ ಮೇಲೆ ಇನ್ನೂ ನಂಬಿಕೆ ಬಂದಿಲ್ಲ ಅಂತ. ಎರಡು, ಪಾಠಗಳು. ವಿಡಿಯೋ ಕೋರ್ಸ್, ಮೆಟ್ಟಿಲು ಮೆಟ್ಟಿಲಾಗಿ ಕಲಿಸೋದು, ಇದೆಲ್ಲ ದುಡ್ಡಿರೋ ದೊಡ್ಡ ಸೈಟುಗಳಲ್ಲಿ ಚೆನ್ನಾಗಿದೆ, ಒಪ್ಕೋಬೇಕು, ಲಿಚೆಸ್‌ನಲ್ಲಿ ಬೇಸಿಕ್ಸ್ ದಾಟಿದ್ಮೇಲೆ ಜನ ಮಾಡಿಟ್ಟಿರೋ ಸ್ಟಡಿಗಳನ್ನ ನೀವೇ ಹುಡುಕ್ಕೊಂಡು ಕಲೀಬೇಕು. ಮೋಸ ಮಾಡೋರು ಎಲ್ಲಾ ಕಡೆ ಇದಾರೆ, ಇಲ್ಲೂ ಸಿಕ್ತಾರೆ. ಸಿಕ್ಕಿಬಿದ್ರೆ ಅವರ ಹತ್ರ ಸೋತೋರಿಗೆ ಕಳೆದ ರೇಟಿಂಗ್ ಪಾಯಿಂಟ್ ವಾಪಸ್ ಬರುತ್ತೆ, ಅದೊಂದು ಸಮಾಧಾನ. ಇನ್ನು ಅರೀನಾ ಅನ್ನೋ ಬಗೆಯ ಟೂರ್ನಮೆಂಟಲ್ಲಿ ಬರ್ಸರ್ಕ್ ಬಟನ್ ಅಂತ ಒಂದಿದೆ, ಒತ್ತಿದ್ರೆ ನಿಮ್ಮ ಟೈಮ್ ಅರ್ಧ ಆಗುತ್ತೆ, ಗೆದ್ರೆ ಒಂದು ಪಾಯಿಂಟ್ ಎಕ್ಸ್‌ಟ್ರಾ. ಅದರ ಚಟ ಹತ್ತಿಸ್ಕೋಬೇಡಿ ಅಂತ ಹೇಳ್ಬೋದು, ಕೇಳೋರು ಯಾರು.

ಆಮೇಲೆ ಡೇಟಾ. ಬೇರೆ ಎಷ್ಟೋ ಕಡೆ ನಮ್ಮ ಗೇಮುಗಳು ಕಂಪನಿಯ ಆಸ್ತಿ ಥರ ಒಳಗೇ ಕೂತಿರ್ತವೆ. ಲಿಚೆಸ್ 2013ರ ಜನವರಿಯಿಂದ ಹಿಡಿದು ಅಲ್ಲಿ ಆಡಿದ ರೇಟೆಡ್ ಗೇಮುಗಳನ್ನೆಲ್ಲ ತಿಂಗಳು ತಿಂಗಳು ಫೈಲ್ ಮಾಡಿ ಯಾರು ಬೇಕಾದ್ರೂ ತಗೊಳ್ಳಿ ಅಂತ ಇಟ್ಟಿದೆ, ಹಕ್ಕು ಸ್ವಾಮ್ಯದ ಯಾವ ಷರತ್ತೂ ಇಲ್ದೆ. 500 ಕೋಟಿ ಗೇಮು ದಾಟಿ ಎಷ್ಟೋ ಕಾಲ ಆಯ್ತು. ಪಝಲ್‌ಗಳೂ ಅಷ್ಟೇ, ಈ ಗೇಮುಗಳಿಂದಲೇ ಹೆಕ್ಕಿ ತೆಗೆದಿದ್ದು, 40 ಲಕ್ಷಕ್ಕೂ ಜಾಸ್ತಿ, ಫೋರ್ಕು ಪಿನ್ನು ಅಂತ ಆಟದ ತಂತ್ರಗಳ ಲೇಬಲ್ ಹಚ್ಚಿ ಡೌನ್‌ಲೋಡ್‌ಗೆ ಇಟ್ಟಿದಾರೆ.

ಇದರಿಂದ ಏನುಪಯೋಗ ಅಂತೀರಾ? ಟೊರಾಂಟೊ, ಕಾರ್ನೆಲ್ ವಿಶ್ವವಿದ್ಯಾಲಯ ಮತ್ತೆ ಮೈಕ್ರೋಸಾಫ್ಟ್ ರಿಸರ್ಚಿನವರು ಸೇರಿ 2020ರಲ್ಲಿ ಮೈಯಾ ಅನ್ನೋ ಎಂಜಿನ್ ಮಾಡಿದ್ರು, ಅದಕ್ಕೆ ಕಲಿಸಿದ್ದು ಇದೇ ಲಿಚೆಸ್ ಗೇಮುಗಳನ್ನ ಇಟ್ಕೊಂಡು. ಮಿಕ್ಕ ಎಂಜಿನ್‌ಗಳೆಲ್ಲ ಬೆಸ್ಟ್ ನಡೆ ಹುಡುಕಿದ್ರೆ ಇದು ಹುಡುಕೋದು, ಈ ರೇಟಿಂಗಿನ ಮನುಷ್ಯ ಇಲ್ಲಿ ಏನು ಆಡ್ತಾನೆ ಅಂತ, ಅವನ ತಪ್ಪುಗಳನ್ನೂ ಸೇರಿಸಿ. ಮಾಮೂಲಿ ಕಂಪ್ಯೂಟರ್ ಲೆವೆಲ್ ಕಮ್ಮಿ ಮಾಡಿದ್ರೆ ಹತ್ತು ನಡೆ ದೇವರಂಗೆ ಆಡಿ ಹನ್ನೊಂದನೇದಕ್ಕೆ ಸುಮ್ಮನೆ ಆನೆ ದಾನ ಮಾಡುತ್ತಲ್ಲ, ಆ ಕಾಟ ಇದರಲ್ಲಿ ಕಮ್ಮಿ. ಲಿಚೆಸ್‌ನಲ್ಲೇ ಬಾಟ್ ಆಗಿ ಆಡೋಕೆ ಬಿಟ್ಟಿದಾರೆ, ಮೈಯಾ1 ಸುಮಾರು 1100 ರೇಟಿಂಗಿನೋರ ಗೇಮ್ ನೋಡಿ ಕಲ್ತಿದ್ದು, ಮೈಯಾ5 1500ರದ್ದು, ಮೈಯಾ9 1900ರದ್ದು. ಮನುಷ್ಯರ ಜೊತೆ ಆಡೋಕೆ ಸಂಕೋಚ ಅನ್ನೋರು ಮೈಯಾ1ಗೆ ಚಾಲೆಂಜ್ ಹಾಕಿ ಶುರು ಮಾಡಿ, ಅದೂ ಫ್ರೀನೇ.