ಓ ಕೈನ್ ಇಂಗ್ಲಿಷಲ್ಲಿ ಯಾಕೆ ಬರೀಲಿಲ್ಲ?

ಮಾರ್ಟೀನ್ ಓ ಕೈನ್ ಬಗ್ಗೆ ಮಾತು ಬಂದಾಗೆಲ್ಲ ಎಲ್ರೂ ನನ್ನ ಕೇಳೋದು ಇದನ್ನೇ. ಐರ್ಲೆಂಡಿನ ಅಷ್ಟು ದೊಡ್ಡ ಲೇಖಕ, ಇಂಗ್ಲಿಷ್ ಚೆನ್ನಾಗೇ ಬರ್ತಿತ್ತು, ಅದ್ರಲ್ಲಿ ಬರೆದಿದ್ರೆ ಪ್ರಪಂಚಾನೇ ಓದ್ತಿತ್ತು, ಹೋಗಿ ಹೋಗಿ ಐರಿಶ್ ಭಾಷೇಲಿ ಯಾಕೆ ಬರೆದ್ರು? ಬರೆಯೋದು ಬಿಟ್ಟು ಚಳವಳಿ, ಜೈಲು ಅಂತ ಯಾಕೆ ಹೋದ್ರು ಅಂತಾನೂ ಕೆಲವರು ಸೇರಿಸ್ತಾರೆ. ನಂಗೆ ಎರಡಕ್ಕೂ ಉತ್ತರ ಒಂದೇ ಅನ್ಸುತ್ತೆ.

ಅವರು ಹುಟ್ಟಿದ್ದು 1906ರಲ್ಲಿ, ಗಾಲ್ವೇಯಿಂದ ಪಶ್ಚಿಮಕ್ಕಿರೋ ಸ್ಪಿಡಲ್ ಹತ್ರ. ಕಾನೆಮಾರಾ ಸೀಮೆ, ಬರೀ ಕಲ್ಲುನೆಲ. ಜನ ಮನೇಲಿ, ಬೀದೀಲಿ ಐರಿಶೇ ಮಾತಾಡ್ತಿದ್ರು, ಆದ್ರೆ ಹೊಟ್ಟೆಪಾಡಿಗೆ ಇಂಗ್ಲೆಂಡಿಗೋ ಅಮೆರಿಕಕ್ಕೋ ಹೋಗಬೇಕಿತ್ತು. ಸಂವಿಧಾನದಲ್ಲಿ ಐರಿಶ್ ರಾಷ್ಟ್ರಭಾಷೆ ಅಂತ ಬರೆದಾಗಿತ್ತು, ಅದನ್ನ ಆಡೋರಿಗೆ ಉಳೋಕೆ ನೆಲ ಇರ್ಲಿಲ್ಲ. ಊರೇ ಖಾಲಿಯಾದ್ಮೇಲೆ ಭಾಷೆ ಯಾರ ಬಾಯಲ್ಲಿ ಉಳಿಯುತ್ತೆ? ಸ್ಕೂಲ್ ಮೇಷ್ಟ್ರಾಗಿದ್ದ ಓ ಕೈನ್ 1930ರ ದಶಕದಲ್ಲಿ ಸಂಘಟನೆ ಕಟ್ಟೋಕೆ ಇಳಿದ್ರು, ಆ ಸಂಘಟನೆಯವರು ಸೈಕಲ್ ತುಳ್ಕೊಂಡು ಡಬ್ಲಿನ್‌ವರೆಗೂ ಹೋಗಿ ಡಿ ವೆಲೆರಾ ಸರ್ಕಾರದ ಹತ್ರ ಕೇಳಿದ್ದು ನೆಲಾನ. 1935ರಲ್ಲಿ ಕಾನೆಮಾರಾದ 27 ಕುಟುಂಬಗಳಿಗೆ ದೇಶದ ಇನ್ನೊಂದು ಕಡೆ, ಮೀತ್ ಕೌಂಟಿಯ ರಾ ಕಾರ್ನ್‌ನಲ್ಲಿ, ತಲಾ ಒಂದು ಮನೆ, ಸುಮಾರು 22 ಎಕರೆ ಒಳ್ಳೆ ಹುಲ್ಲುನೆಲ ಸಿಕ್ತು. ಅದನ್ನ ಐರಿಶ್ ಆಡೋ ಪ್ರದೇಶ ಅಂತ ಅಧಿಕೃತವಾಗಿ ಒಪ್ಪೋಕೆ ಮಾತ್ರ ಸರ್ಕಾರಕ್ಕೆ 1967 ಆಗ್ಬೇಕಾಯ್ತು.

ನೆಲ ಸಿಕ್ಕ ಮರುವರ್ಷಾನೇ, ಅಂದ್ರೆ 1936ರಲ್ಲಿ, ಬ್ರಿಟಿಷ್ ಆಳ್ವಿಕೆ ವಿರುದ್ಧದ ಸಶಸ್ತ್ರ ಸಂಘಟನೆ ಐಆರ್‌ಎಯ ಸದಸ್ಯ ಅಂತ ಶಾಲೆ ನಡೆಸ್ತಿದ್ದ ಚರ್ಚಿನವರು ಅವರನ್ನ ಮೇಷ್ಟ್ರು ಕೆಲಸದಿಂದ ತೆಗೆದ್ರು. ಎರಡನೇ ಮಹಾಯುದ್ಧದ ಹೊತ್ತಿಗೆ ಐರ್ಲೆಂಡ್ ಸರ್ಕಾರಾನೇ ವಿಚಾರಣೆ ಇಲ್ದೇ ಕರ್ರಾ ಶಿಬಿರದಲ್ಲಿ ಕೂಡಿಹಾಕ್ತು, ಬಿಟ್ಟಿದ್ದು 1944ರಲ್ಲಿ. ಅಲ್ಲೂ ಜೊತೆ ಕೈದಿಗಳಿಗೆ ಐರಿಶ್ ಪಾಠ ಮಾಡಿದ್ರು.

ಈಗ ಅವರ ಕಾದಂಬರಿ ‘ಕ್ರೇ ನ ಕಿಲ್ಲ’ಗೆ ಬರ್ತೀನಿ. ಅದ್ರಲ್ಲಿ ಮಾತಾಡೋರೆಲ್ಲ ಸತ್ತೋರು, ಸ್ಮಶಾನದ ಮಣ್ಣಿನಡಿ ಮಲ್ಕೊಂಡೇ ಜಗಳ ಆಡ್ತಾರೆ. ಕ್ಯಾಟ್ರೀನಾ ಅನ್ನೋ ಮುದುಕಿಯನ್ನ ಆಗಷ್ಟೇ ಹೂತಿದ್ದಾರೆ, ಅವಳ ಮೊದಲ ಚಿಂತೆ ಏನು ಗೊತ್ತಾ, ನನ್ನ ಒಂದು ಪೌಂಡಿನ ಜಾಗದಲ್ಲಿ ಹೂತ್ರಾ ಇಲ್ಲಾ ಅದಕ್ಕಿಂತ ಅಗ್ಗದ 15 ಶಿಲ್ಲಿಂಗಿಂದ್ರಲ್ಲಾ ಅಂತ. ಆಮೇಲೆ ಹೊಸ ಹೆಣ ಬಂದಾಗೆಲ್ಲ ಊರಿನ ಸುದ್ದಿ ಕೇಳೋದು, ನನ್ನ ಸಮಾಧಿ ಮೇಲೆ ಶಿಲುಬೆ ಯಾವಾಗ ನಿಲ್ಲಿಸ್ತಾರೆ ಅನ್ನೋದು, ಇನ್ನೂ ಬದುಕಿರೋ ತಂಗಿ ನೆಲ್‌ಗೆ ಶಾಪ ಹಾಕೋದು. ನಿರೂಪಣೆ ಅನ್ನೋದೇ ಇಲ್ಲ, ಶುರುವಿಂದ ಕೊನೆವರೆಗೂ ಮಾತೇ ಮಾತು, ಬೈಗುಳ, ಚಾಡಿ. ಅಂಥ ಜಗಳ ಆ ಊರಲ್ಲಿ ಯಾವತ್ತೂ ಇಂಗ್ಲಿಷಲ್ಲಿ ನಡೆದಿಲ್ಲ ಕಣ್ರೀ, ಅವರು ಇನ್ಯಾವ ಭಾಷೇಲಿ ಬರೀಬೇಕಿತ್ತು ಹೇಳಿ.

ಸರ್ಕಾರದ ಪ್ರಕಾಶನ ಇದನ್ನ ಬೇಡ ಅಂತು. ಪೇಪರಲ್ಲಿ ಧಾರಾವಾಹಿಯಾಗಿ ಬಂತು, ಜನ ಮುಗಿಬಿದ್ದು ಓದಿದ್ರು, ಪುಸ್ತಕ ಮಾಡಿದ್ದು ‘ಸಾರ್ಶೇಲ್ ಅಗಸ್ ಡಿಲ್’ ಅನ್ನೋ ಸಣ್ಣ ಪ್ರಕಾಶನ. ಅದನ್ನ ಕಟ್ಟಿದ ಶಾನ್ ಓ ಹೇಗರ್ಟಿ ಹಣಕಾಸು ಇಲಾಖೆ ನೌಕರ, ಹಗಲು ಆಫೀಸು, ಉಳಿದ ಹೊತ್ತು ಪ್ರೂಫು, ಪ್ರೆಸ್ಸು, ಸಾಲ. 1967ರಲ್ಲಿ ಅವರು ತೀರ್ಕೊಂಡ್ಮೇಲೆ ಹೆಂಡ್ತಿ ಬ್ರೀಡ್ 1981ರವರೆಗೂ ನಡೆಸಿದ್ರು. ಓ ಕೈನ್ ಹೆಸರು ಹೇಳೋರು ಈ ಗಂಡ ಹೆಂಡ್ತೀನ ಮರೀಬಾರ್ದು, ಇವರಿಲ್ದಿದ್ರೆ ಆ ಹಸ್ತಪ್ರತಿ ಎಲ್ಲಿ ಧೂಳು ತಿಂತಿತ್ತೋ.

ಕೆಲಸ ಕಳ್ಕೊಂಡಿದ್ದ ಆ ಮೇಷ್ಟ್ರು ಡಬ್ಲಿನ್ನಿನ ಟ್ರಿನಿಟಿ ಕಾಲೇಜಲ್ಲಿ ಐರಿಶ್ ಕಲಿಸೋಕೆ ಸೇರಿ ಕೊನೆಗೆ 1969ರಲ್ಲಿ ಪ್ರೊಫೆಸರ್ ಆದ್ರು, ಕಾಲೇಜಲ್ಲಿದ್ರೂ ಬೀದಿ ಬಿಡ್ಲಿಲ್ಲ, 1966ರಲ್ಲಿ, ಬ್ರಿಟಿಷರ ವಿರುದ್ಧ ಡಬ್ಲಿನ್‌ನಲ್ಲಿ ನಡೆದ ಈಸ್ಟರ್ ದಂಗೆಯ ಐವತ್ತನೇ ವರ್ಷದಲ್ಲಿ, ಭಾಷೆಗಾಗಿ ಉಪವಾಸ ಕೂತೋರಲ್ಲಿ ಅವರೂ ಇದ್ರು. 1970ರಲ್ಲಿ ತೀರ್ಕೊಂಡ್ರು.

ಇನ್ನು ಪ್ರಪಂಚ ಓದೋ ವಿಷ್ಯ. ನಾರ್ವೇಜಿಯನ್, ಡ್ಯಾನಿಶ್ ಭಾಷೆಗೆ ಕಾದಂಬರಿ ಮೊದಲೇ ಹೋಗಿತ್ತು, ಇಂಗ್ಲಿಷಿಗೆ ಬಂದಿದ್ದು 2015ರಲ್ಲಿ, ಮರುವರ್ಷ ಇನ್ನೊಂದು ಅನುವಾದಾನೂ ಬಂತು. ಅಲನ್ ಟಿಟ್ಲಿ ಮಾಡಿರೋ ಮೊದಲನೇದ್ರಲ್ಲಿ ಬೈಗುಳದ ಬಿಸಿ ಜಾಸ್ತಿ, ನಾನಾದ್ರೆ ಅದನ್ನೇ ಮೊದಲು ಓದಿ ಅಂತೀನಿ.