ನನ್ನ ಕೈ ತೆಗೆದಾಗ ಕಂಡದ್ದು

ಪಾರ್ಶ್ವವಾಯುವಿನಿಂದ ಎಡಭಾಗ ದುರ್ಬಲವಾಗಿದ್ದ, ಅರವತ್ತು ದಾಟಿದ ಒಬ್ಬರಿಗೆ ಕುರ್ಚಿಯಿಂದ ಏಳುವುದನ್ನು ಮತ್ತೆ ಕಲಿಸಲು ನಾನು ಮೂರು ವಾರ ಶ್ರಮಿಸಿದ್ದೆ. ಪ್ರತಿದಿನವೂ ಅವರ ಎದುರು ಕುಳಿತು, ಒಂದು ಕೈಯನ್ನು ಸೊಂಟದ ಹಿಂಬದಿಗೆ, ಇನ್ನೊಂದನ್ನು ಎಡ ಮೊಣಕಾಲಿಗೆ ಕೊಟ್ಟು, ಎರಡೂ ಕಾಲುಗಳ ಮೇಲೆ ತೂಕ ಸಮನಾಗಿ ಬೀಳುವಂತೆ ತಿದ್ದುತ್ತಾ ಎಬ್ಬಿಸುತ್ತಿದ್ದೆ. ನೋಡುವವರಿಗೆ ಚಲನೆ ಅಚ್ಚುಕಟ್ಟಾಗಿತ್ತು. ಕೇಸ್ ಶೀಟಿನಲ್ಲಿ 'ಕನಿಷ್ಠ ಸಹಾಯದೊಂದಿಗೆ ಏಳುತ್ತಾರೆ' ಎಂದು ಬರೆದು ಸಮಾಧಾನಪಟ್ಟುಕೊಂಡಿದ್ದೆ. ಒಂದು ದಿನ ಅವರ ಹೆಂಡತಿ, ದೂರುವ ದನಿಯಲ್ಲೇನೂ ಅಲ್ಲ, "ಇಲ್ಲಿ ನಿಮ್ಮ ಕೈಲಿ ಚೆನ್ನಾಗಿ ಏಳ್ತಾರೆ ಮೇಡಂ, ಮನೇಲಿ ನಮ್ಮ ಕೈಲಿ ಏಳೋದೇ ಇಲ್ಲ" ಎಂದರು. ಮನೆಯವರಿಗೆ ತರಬೇತಿ ಸಾಲದೆಂದು ತಿಳಿದು ಅವರಿಗೂ ಕೈ ಇಡುವ ಕ್ರಮವನ್ನು ಹೇಳಿಕೊಟ್ಟೆ. ಮತ್ತೊಂದು ವಾರ ಕಳೆದರೂ ವ್ಯತ್ಯಾಸ ಕಾಣದಿದ್ದಾಗ, ಕೈ ಇಟ್ಟದ್ದೇ ತಪ್ಪಾಯಿತೇನೋ ಎಂಬ ಅನುಮಾನ ಹುಟ್ಟಿತು.

ನರಮಂಡಲವು ಚಲನೆಯನ್ನು ಹೇಗೆ ನಿಯಂತ್ರಿಸುತ್ತದೆ ಎಂಬ ಸಿದ್ಧಾಂತಗಳನ್ನು ಫಿಸಿಯೋಥೆರಪಿ ಓದುವ ನಾವೆಲ್ಲ ಪರೀಕ್ಷೆಗಾಗಿ ಕಲಿತು ಮರೆಯುತ್ತೇವೆ. ಆದರೆ ಅವುಗಳಲ್ಲಿ ಯಾವುದೋ ಒಂದು ನಮಗರಿವಿಲ್ಲದೆಯೇ ಕೈಗೆ ಇಳಿದಿರುತ್ತದೆ. ನನ್ನ ಕೈಗಿಳಿದದ್ದು ಬಹಳ ಹಳೆಯದು. ಇಂಗ್ಲೆಂಡಿನ ಶರೀರಕ್ರಿಯಾ ವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ರಿಫ್ಲೆಕ್ಸನ್ನು, ಅಂದರೆ ಪ್ರಚೋದನೆಗೆ ಮೈ ತಾನಾಗಿಯೇ ತೋರುವ ಪ್ರತಿಕ್ರಿಯೆಯನ್ನು, ನರಮಂಡಲದ ಕೆಲಸದ ಮೂಲ ಘಟಕವಾಗಿ ಇಟ್ಟುಕೊಂಡು, ಸಂಕೀರ್ಣ ವರ್ತನೆಯು ಅಂಥ ರಿಫ್ಲೆಕ್ಸ್‌ಗಳ ಜೋಡಣೆಯಿಂದ ರೂಪುಗೊಳ್ಳುತ್ತದೆ ಎಂದು ವಿವರಿಸಿದರು. ಅದಕ್ಕೂ ಮುಂಚೆ ನರವೈದ್ಯ ಹ್ಯೂಲಿಂಗ್ಸ್ ಜಾಕ್ಸನ್, ಮೆದುಳಿನ ಮೇಲಿನ ಸ್ತರಗಳು ಕೆಳಗಿನವನ್ನು ಹತೋಟಿಯಲ್ಲಿಟ್ಟಿರುತ್ತವೆ, ಮೇಲಿನದಕ್ಕೆ ಪೆಟ್ಟಾದರೆ ಕೆಳಗಿನದು ಕಡಿವಾಣ ಕಳಚಿದಂತೆ ವರ್ತಿಸುತ್ತದೆ ಎಂದಿದ್ದರು. ಈ ಎರಡನ್ನೂ ಕೂಡಿಸಿ ನೋಡಿದರೆ, ಪಾರ್ಶ್ವವಾಯು ಹೊಡೆದವರ ಬಿಗಿದ ಕೈಕಾಲು ಹತೋಟಿ ತಪ್ಪಿದ ರಿಫ್ಲೆಕ್ಸಿನ ಫಲವೆಂದೇ ಕಾಣುತ್ತದೆ; ಆಗ ಚಿಕಿತ್ಸಕರ ಕೆಲಸವೆಂದರೆ ಸ್ಪರ್ಶ, ಒತ್ತಡ, ಭಂಗಿಗಳ ಮೂಲಕ ತಕ್ಕ ಸಂವೇದನೆ ಕೊಟ್ಟು, ಬಿಗಿತ ತಗ್ಗಿಸಿ, ಸಹಜ ಚಲನೆಯನ್ನು ಹೊರತರುವುದು ಎಂದಾಗುತ್ತದೆ. 1940ರ ದಶಕದಲ್ಲಿ ಲಂಡನ್ನಿನಲ್ಲಿ ಬರ್ಟಾ ಮತ್ತು ಕಾರೆಲ್ ಬೋಬಾತ್ ದಂಪತಿ ಬೆಳೆಸತೊಡಗಿದ ವಿಧಾನ ನಿಂತದ್ದು ಈ ತಳಹದಿಯ ಮೇಲೆಯೇ. ಆ ವಿಧಾನ ಕಾಲಕ್ರಮೇಣ ತನ್ನನ್ನು ಸಾಕಷ್ಟು ತಿದ್ದಿಕೊಂಡಿದೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ತಿದ್ದಿಕೊಳ್ಳದೆ ಉಳಿದದ್ದು ನನ್ನಂಥವರ ಕೈ.

ಈ ತಳಹದಿ ಎಲ್ಲಿ ಬಿರುಕು ಬಿಟ್ಟಿತು ಎಂಬುದನ್ನು ನಾನು ಮತ್ತೆ ಓದಿಕೊಂಡದ್ದು ಆ ಅನುಮಾನ ಹುಟ್ಟಿದ ಮೇಲೆ. 1895ರಲ್ಲಿ ಮಾಟ್ ಮತ್ತು ಶೆರಿಂಗ್ಟನ್, ಕೋತಿಯ ಒಂದು ತೋಳಿನಿಂದ ಬೆನ್ನುಹುರಿಗೆ ಬರುವ ಸಂವೇದನಾ ನರಮೂಲಗಳನ್ನು ಕತ್ತರಿಸಿದರು. ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರಗಳು ಹಾಗೆಯೇ ಇದ್ದರೂ ಕೋತಿ ಆ ತೋಳನ್ನು ಬಳಸುವುದನ್ನೇ ಬಿಟ್ಟಿತು. ಸಂವೇದನೆ ಇಲ್ಲದೆ ಇಚ್ಛಾಪೂರ್ವಕ ಚಲನೆ ಇಲ್ಲ ಎಂದು ಅದರಿಂದ ತೀರ್ಮಾನಿಸಲಾಯಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟಾಬ್ ಮತ್ತು ಅವರ ಸಹೋದ್ಯೋಗಿಗಳು ಅದೇ ಶಸ್ತ್ರಕ್ರಿಯೆ ಮಾಡಿ, ಚೆನ್ನಾಗಿದ್ದ ತೋಳನ್ನು ಕಟ್ಟಿಹಾಕಿದರು. ಸಂವೇದನೆ ಇಲ್ಲದ ತೋಳಿನಿಂದಲೇ ಕೋತಿ ಆಹಾರಕ್ಕೆ ಕೈಚಾಚಿತು. ಸಾಮರ್ಥ್ಯ ಇದ್ದೇ ಇತ್ತು. ಬಳಸದಿರುವುದನ್ನು ಕೋತಿ ರೂಢಿಸಿಕೊಂಡಿತ್ತು. ಇದರಿಂದ ಬೆಳೆದ ಚಿಕಿತ್ಸೆಯಲ್ಲಿ ರೋಗಿಯ ಒಳ್ಳೆಯ ಕೈಗೆ ಗವಸು ತೊಡಿಸಿ, ದುರ್ಬಲ ಕೈಯಿಂದ ದಿನಕ್ಕೆ ಹಲವು ಗಂಟೆ ಕೆಲಸ ಮಾಡಿಸುತ್ತಾರೆ. 2006ರಲ್ಲಿ ವರದಿಯಾದ, 222 ರೋಗಿಗಳನ್ನೊಳಗೊಂಡ ಪ್ರಯೋಗದಲ್ಲಿ ಎರಡು ವಾರಗಳ ಇಂಥ ಅಭ್ಯಾಸ, ವಾಡಿಕೆಯ ಆರೈಕೆಗಿಂತ ಹೆಚ್ಚಿನ ಸುಧಾರಣೆ ತಂದಿತು. ಮಣಿಕಟ್ಟು, ಬೆರಳುಗಳನ್ನು ಸ್ವಲ್ಪವಾದರೂ ಹಿಂದಕ್ಕೆ ಎತ್ತಬಲ್ಲವರಿಗೆ ಮಾತ್ರ ಅದು ಹೊಂದುತ್ತದೆ ಎಂಬುದು ಬೇರೆ ಮಾತು. ನನಗೆ ತಟ್ಟಿದ್ದು ಗವಸಲ್ಲ. ನನ್ನ ರೋಗಿಯ ಎಡಗಾಲು ಮಾಡಬೇಕಾಗಿದ್ದ ಕೆಲಸವನ್ನು ನನ್ನ ಎರಡು ಕೈಗಳು ದಿನವೂ ಮಾಡಿಕೊಡುತ್ತಿದ್ದವು, ಕಾಲು ಸುಮ್ಮನಿರುವುದನ್ನು ಕಲಿಯುತ್ತಿತ್ತು.

ಇನ್ನೊಂದು ದಾರಿ ತೋರಿಸಿದ್ದು ಮನುಷ್ಯರ ಚಲನೆಯನ್ನು ಅಧ್ಯಯನ ಮಾಡಿದ ರಷ್ಯಾದ ವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್. 1920ರ ದಶಕದಲ್ಲಿ ಮಾಸ್ಕೋದಲ್ಲಿ ಅವರು ಉಳಿಗೆ ಸುತ್ತಿಗೆ ಹೊಡೆಯುವ ನುರಿತ ಕೆಲಸಗಾರರ ಮೈಮೇಲೆ ಪುಟ್ಟ ಬಲ್ಬುಗಳನ್ನು ಕಟ್ಟಿ ಚಲನೆಯ ಛಾಯಾಚಿತ್ರ ತೆಗೆದರು. ಸುತ್ತಿಗೆಯ ತುದಿ ಪ್ರತಿ ಹೊಡೆತದಲ್ಲೂ ಹೆಚ್ಚುಕಡಿಮೆ ಒಂದೇ ಕಡೆ ಬೀಳುತ್ತಿದ್ದರೂ, ಭುಜ, ಮೊಣಕೈ, ಮಣಿಕಟ್ಟುಗಳು ಪ್ರತಿ ಸಲವೂ ಬೇರೆಬೇರೆ ರೀತಿಯಲ್ಲಿ ತಿರುಗುತ್ತಿದ್ದವು. ಭುಜದಿಂದ ಮಣಿಕಟ್ಟಿನವರೆಗೆ ತೋಳು 7 ಬಗೆಯಲ್ಲಿ ತಿರುಗಬಲ್ಲದು. ಒಂದು ವಸ್ತುವನ್ನು ಬೇಕಾದ ಜಾಗದಲ್ಲಿ, ಬೇಕಾದ ಓರೆಯಲ್ಲಿ ಇಡಲು 6 ಸಾಕು. ಹೀಗಾಗಿ ಒಂದೇ ಕೆಲಸಕ್ಕೆ ಲೆಕ್ಕವಿಲ್ಲದಷ್ಟು ದಾರಿಗಳಿವೆ, ಅಭ್ಯಾಸವೆಂದರೆ ಒಂದೇ ಉತ್ತರವನ್ನು ಉರುಹೊಡೆಯುವುದಲ್ಲ, ಸಮಸ್ಯೆಯನ್ನು ಪ್ರತಿ ಸಲವೂ ಹೊಸದಾಗಿ ಬಿಡಿಸುವುದು ಎಂಬುದು ಅವರ ನಿಲುವು. ಹೊಸದಾಗಿ ಕಲಿಯುವವರು ಕೀಲುಗಳನ್ನು ಬಿಗಿಹಿಡಿದು ದಾರಿಗಳನ್ನು ಕಡಿಮೆ ಮಾಡಿಕೊಳ್ಳುತ್ತಾರೆ ಎಂದೂ ಅವರು ಗುರುತಿಸಿದ್ದರು. ಇದನ್ನು ಓದಿದ ಮೇಲೆ, ರೋಗಿಯ ಮೈಯಲ್ಲಿ ಕಾಣುವ ಪ್ರತಿ ಬಿಗಿತವನ್ನೂ ಕೆಟ್ಟ ರಿಫ್ಲೆಕ್ಸೆಂದು ಕರೆದು ಕರಗಿಸಲು ಹೋಗುವುದು ನನಗೆ ಸಾಧ್ಯವಾಗಲಿಲ್ಲ. ಅದರಲ್ಲೊಂದು ಪಾಲು, ಬೀಳುವ ಭಯವಿರುವವರು ತಾವೇ ಕಂಡುಕೊಂಡ ಉಪಾಯವಾಗಿರಬಹುದು.

ಮುಂದಿನ ವಾರ ಕುರ್ಚಿಯ ಬದಲು, ಎತ್ತರ ಬದಲಿಸಬಹುದಾದ ಮಂಚದ ಅಂಚಿನಲ್ಲಿ ಅವರನ್ನು ಕೂರಿಸಿದೆ. ಎತ್ತರ 55 ಸೆಂಟಿಮೀಟರ್. ಎಡಪಾದವನ್ನು ಮೊಣಕಾಲಿಗಿಂತ ಹಿಂದಕ್ಕೆ ಎಳೆಸಿ, ಬಲಪಾದವನ್ನು ಒಂದಂಗೈಯಷ್ಟು ಮುಂದಕ್ಕಿಟ್ಟೆ. ಹಿಂದಿರುವ ಕಾಲಿನ ಮೇಲೆಯೇ ಹೆಚ್ಚು ಭಾರ ಬೀಳುವುದರಿಂದ ನಾನು ಕೈಯಿಂದ ತಿದ್ದುತ್ತಿದ್ದುದನ್ನು ಈಗ ಪಾದಗಳ ಸ್ಥಾನವೇ ಮಾಡಬೇಕಿತ್ತು. ನಾನು ಪಕ್ಕದಲ್ಲಿ, ಬಿದ್ದರೆ ಹಿಡಿಯುವಷ್ಟು ಹತ್ತಿರ, ಕೈಗಳನ್ನು ಮುಟ್ಟದಂತೆ ಚಾಚಿ ನಿಂತೆ. ಅವರು ಮೊದಲ ಸಲ ಎದ್ದದ್ದು ಅರ್ಧದವರೆಗೆ; ಹಿಂದಕ್ಕೆ ಕುಸಿದು ಕೂತರು. ಎರಡನೆಯ ಸಲವೂ ಹಾಗೆಯೇ. ನನ್ನ ಕೈಗಳು ತಾವಾಗಿಯೇ ಮುಂದೆ ಹೋಗುತ್ತಿದ್ದುದನ್ನು ತಡೆಯುವುದೇ ಅಂದಿನ ಅತ್ಯಂತ ಕಷ್ಟದ ಕೆಲಸವಾಗಿತ್ತು. ಐದನೆಯ ಸಲ ಅವರು ತಲೆಯನ್ನು ಮೊಣಕಾಲಿಗಿಂತ ಮುಂದಕ್ಕೆ ತಂದು, ಆ ರಭಸ ಕಳೆಯುವ ಮುನ್ನವೇ ಒತ್ತಿ ಎದ್ದು ನಿಂತರು, ಎಡಗಾಲು ನಡುಗುತ್ತಿತ್ತು. ಮೂರು ವಾರದಲ್ಲಿ ನನ್ನ ಕೈಯ ಕೆಳಗೆ ಆ ಕಾಲು ಒಮ್ಮೆಯೂ ಹಾಗೆ ನಡುಗಿರಲಿಲ್ಲ.

ಅಲ್ಲಿಂದ ಮುಂದೆ ಎತ್ತರವನ್ನು ಇಳಿಸುತ್ತಾ, ಏರಿಸುತ್ತಾ, ಮೆತ್ತನೆಯ ಆಸನ, ಕೈಯಿಲ್ಲದ ಸ್ಟೂಲ್ ಎಂದು ಬದಲಿಸುತ್ತಾ ಹೋದೆ. ಇದರ ಹಿಂದೆಯೂ ಒಂದು ಪ್ರಯೋಗವಿದೆ: 1979ರಲ್ಲಿ ಶೀ ಮತ್ತು ಮಾರ್ಗನ್, ಒಂದೊಂದೇ ಚಲನೆಯನ್ನು ಮುಗಿಸಿ ಮುಂದಿನದಕ್ಕೆ ಹೋದವರು ಅಭ್ಯಾಸದ ಹೊತ್ತಿನಲ್ಲಿ ಚುರುಕಾಗಿದ್ದರೂ, ಚಲನೆಗಳನ್ನು ಕಲಸಿ ಅಭ್ಯಾಸ ಮಾಡಿದವರೇ ಆಮೇಲಿನ ಪರೀಕ್ಷೆಯಲ್ಲಿ ಮುಂದಿದ್ದರೆಂದು ತೋರಿಸಿದರು. ಅವರು ಪರೀಕ್ಷಿಸಿದ್ದು ಆರೋಗ್ಯವಂತರನ್ನು, ಆದ್ದರಿಂದ ತೀರ ದುರ್ಬಲರಾದ ರೋಗಿಗಳಿಗೆ ನಾನು ಮೊದಲ ದಿನವೇ ಹಾಗೆ ಕಲಸುವುದಿಲ್ಲ. ಆದರೆ ಚಿಕಿತ್ಸಾ ಕೊಠಡಿಯಲ್ಲಿ ಚೆನ್ನಾಗಿ ಕಾಣುವುದೂ ಮನೆಯಲ್ಲಿ ಉಳಿಯುವುದೂ ಒಂದೇ ಅಲ್ಲ ಎಂಬುದಕ್ಕೆ ಆ ಹೆಂಡತಿಯ ಮಾತಿಗಿಂತ ದೊಡ್ಡ ಪುರಾವೆ ನನಗೆ ಬೇಕಿರಲಿಲ್ಲ.

ಹೊಸ ಸಿದ್ಧಾಂತ ಹಿಡಿದವರು ಮಾಡುವ ತಪ್ಪೂ ಒಂದಿದೆ. ಅದನ್ನು ಮಾಡಿಯೇ ತಿಳಿದುಕೊಂಡೆ. ಗುರಿ ಮುಟ್ಟಿದರೆ ಸಾಕು, ದಾರಿ ಯಾವುದಾದರೇನು ಎಂದು ಇನ್ನೊಬ್ಬ ರೋಗಿಗೆ ಮೇಜಿನ ಮೇಲೆ ಲೋಟವಿಟ್ಟು ಕೈಚಾಚಿಸುತ್ತಿದ್ದೆ. "ಮೊಣಕೈ ನೇರ ಮಾಡಿ" ಎಂದಾಗ ಗಂಟು ಬೀಳುತ್ತಿದ್ದ ಕೈ, "ಲೋಟವನ್ನು ಆ ಗೆರೆಯಾಚೆ ಇಡಿ" ಎಂದಾಗ ಸಲೀಸಾಗಿ ಹೋಗುತ್ತಿತ್ತು. ಗಮನ ಮೈಯಿಂದ ಹೊರಗಿನ ಫಲದ ಮೇಲಿದ್ದರೆ ಚಲನೆ ಸುಗಮವಾಗುತ್ತದೆಂದು ಚಲನೆಯ ಕಲಿಕೆಯ ಸಂಶೋಧಕಿ ಗೇಬ್ರಿಯೆಲ್ ವುಲ್ಫ್ ಅವರ ಅಧ್ಯಯನಗಳು ಹೇಳಿದ್ದು ಇದನ್ನೇ ಎಂದು ಬೀಗಿದ್ದೆ. ಒಂದು ದಿನ ಪಕ್ಕದಿಂದ ನೋಡಿದರೆ, ಮೊಣಕೈ ಮಡಿಸಿದಂತೆಯೇ ಇತ್ತು. ಮುಂದೆ ಹೋಗುತ್ತಿದ್ದುದು ಬೆನ್ನು. ಬೆಲ್ಟಿನಿಂದ ಎದೆಯನ್ನು ಕುರ್ಚಿಯ ಬೆನ್ನಿಗೆ ಹಗುರವಾಗಿ ಕಟ್ಟಿದೊಡನೆ ಮೊಣಕೈ ಬಿಚ್ಚಿಕೊಂಡಿತು. ಒಳಗಿದ್ದ ಸಾಮರ್ಥ್ಯವನ್ನು ಸುಲಭದ ದಾರಿ ಮುಚ್ಚಿಟ್ಟಿತ್ತು, ಟಾಬ್ ಅವರ ಕೋತಿಯಲ್ಲಿ ಆದಂತೆಯೇ.

ಇಷ್ಟೆಲ್ಲ ಆದರೂ ಅಭ್ಯಾಸದ ಪ್ರಮಾಣ ಸಾಲದಿದ್ದರೆ ಯಾವ ಸಿದ್ಧಾಂತವೂ ಕೈಹಿಡಿಯುವುದಿಲ್ಲ. ಪಾರ್ಶ್ವವಾಯು ಚಿಕಿತ್ಸೆಯ ಅವಧಿಗಳನ್ನು ಗಮನಿಸಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೈಯ ಉಪಯುಕ್ತ ಚಲನೆಗಳ ಅಭ್ಯಾಸ ನಡೆದ ಅವಧಿಗಳಲ್ಲೂ ಸರಾಸರಿ 32 ಪುನರಾವರ್ತನೆಗಳಷ್ಟೇ ಕಂಡವು. ನಾನು ನನ್ನದನ್ನು ಎಣಿಸಿದಾಗ ಇನ್ನೂ ಕಡಿಮೆ ಬಂತು, ಸಮಯದ ದೊಡ್ಡ ಪಾಲನ್ನು ನನ್ನ ತಿದ್ದುವ ಕೈಯೇ ತಿಂದಿತ್ತು.

ಕೈ ಇಡುವುದನ್ನು ನಾನು ಪೂರ್ತಿ ಬಿಟ್ಟಿಲ್ಲ. ಭುಜ ಜಾರುವ ಅಪಾಯವಿದ್ದಾಗ, ತೂಕ ಎಲ್ಲಿ ಬೀಳಬೇಕೆಂಬ ಸುಳಿವು ಮೊದಲ ಬಾರಿಗೆ ಕೊಡುವಾಗ ಅದು ಬೇಕೇ ಬೇಕು. ಆದರೆ ಕೇಸ್ ಶೀಟಿನಲ್ಲಿ 'ಕನಿಷ್ಠ ಸಹಾಯ' ಎಂದು ಬರೆಯುವುದನ್ನು ನಿಲ್ಲಿಸಿ, ಆಸನದ ಎತ್ತರ, ಪಾದಗಳ ಸ್ಥಾನ, ಎಷ್ಟು ಪ್ರಯತ್ನ, ಎಷ್ಟು ತಪ್ಪಿದವು, ನನ್ನ ಕೈ ಎಷ್ಟು ಸಲ ತಾಗಿತು ಎಂಬುದನ್ನು ಬರೆಯುತ್ತೇನೆ. ಆ ಹಿರಿಯರ ಕೊನೆಯ ದಿನದ ಸಾಲು ಹೀಗಿದೆ: 42 ಸೆಂ.ಮೀ., ಮೆತ್ತನೆಯ ಆಸನ, 10ರಲ್ಲಿ 8, ಕೈ ತಾಗಿಲ್ಲ, ಎಡಪಾದ ಹೊರಕ್ಕೆ ತಿರುಗಿದೆ.